ಕಂಪನಿ ಮುಚ್ಚಿತು, ಅಚ್ಚುಗಳು ಎಲ್ಲಿಗೆ ಹೋದವು?

ಜೋಡಿಸಿ ಕಟ್ಟುವ ಬಿಡಿಭಾಗಗಳ ಡಬ್ಬಿಯನ್ನು, ಅಂದರೆ ಕಿಟ್ಟನ್ನು, ಮಾರುವ ತಮ್ಮ ಮೆಚ್ಚಿನ ಕಂಪನಿ ಬಾಗಿಲು ಹಾಕಿದರೆ ಮಾದರಿ ವಿಮಾನ ಕಟ್ಟುವವರ ಪಾಡೇನು ಎಂಬ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದ ಪತ್ರಗಳು ಈ ಅಂಕಣಕ್ಕೆ ಬಂದಿವೆ. ಬಹುಪಾಲು ಪತ್ರಗಳಲ್ಲಿ ನ್ಯೂಜಿಲೆಂಡಿನ ವಿಂಗ್‌ನಟ್ ವಿಂಗ್ಸ್ ಕಂಪನಿಯ ಹೆಸರಿದೆ. ಕೆಲವರು ಇನ್ನೂ ಹಳೆಯ ಕಂಪನಿಗಳನ್ನು ನೆನೆದಿದ್ದಾರೆ. ವಿಷಯ ಒಂದೇ ಆದುದರಿಂದ ಈ ಸಂಚಿಕೆಯನ್ನು ಆ ಪ್ರಶ್ನೆಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಈಚೆಗಷ್ಟೇ ಈ ಹವ್ಯಾಸಕ್ಕೆ ಬಂದವನು. 2020ರಲ್ಲಿ ವಿಂಗ್‌ನಟ್ ವಿಂಗ್ಸ್ ಮುಚ್ಚಿದ್ದನ್ನು ಹಿರಿಯರು ಇಂದಿಗೂ ಆಪ್ತರೊಬ್ಬರ ಅಗಲಿಕೆಯಂತೆ ಹೇಳಿಕೊಳ್ಳುತ್ತಾರೆ. ಒಂದು ಕಂಪನಿಗಾಗಿ ಇಷ್ಟು ದುಃಖವೇಕೆ?

ಉತ್ತರ: ಆ ದುಃಖ ಅತಿಯಾದುದೆಂದು ನನಗೆ ಅನ್ನಿಸುವುದಿಲ್ಲ. ಚಲನಚಿತ್ರ ನಿರ್ದೇಶಕ ಪೀಟರ್ ಜಾಕ್ಸನ್ ಅವರು ಸ್ಥಾಪಿಸಿದ ಈ ಕಂಪನಿಯ ಮೊದಲ ಕಿಟ್‌ಗಳು 2009ರಲ್ಲಿ ಹೊರಬಂದವು. ಅದು ಮಾರುಕಟ್ಟೆಗೆ ತಂದ ವಿಮಾನಗಳೆಲ್ಲ ಮೊದಲನೆಯ ಮಹಾಯುದ್ಧದ ಕಾಲದವು, ಎಲ್ಲವೂ 1/32 ಅಳತೆಯವು, ಅಂದರೆ ನಿಜವಾದ ವಿಮಾನದ ಮೂವತ್ತೆರಡರಲ್ಲಿ ಒಂದು ಪಾಲಿನಷ್ಟು. ಈ ಅಳತೆಯಲ್ಲಿ ಎಸ್.ಇ.5ಎ ಯಂತಹ ಸಣ್ಣ ಯುದ್ಧವಿಮಾನದ ರೆಕ್ಕೆ ತುದಿಯಿಂದ ತುದಿಗೆ ಸುಮಾರು 25 ಸೆಂಟಿಮೀಟರ್ ಆಗುತ್ತದೆ. ಜರ್ಮನಿಯ ಗೋಥಾ ಬಾಂಬರ್‌ನದು 70 ಸೆಂಟಿಮೀಟರನ್ನು ದಾಟುತ್ತದೆ. ಅಷ್ಟು ದೊಡ್ಡ ಅಳತೆಯಲ್ಲಿ, ಅಷ್ಟು ಅಪರೂಪದ ವಿಮಾನಗಳನ್ನು, ಒಂದರ ಹಿಂದೊಂದರಂತೆ ಅಚ್ಚಿಗೆ ಹಾಕುವ ಧೈರ್ಯವನ್ನು ದೊಡ್ಡ ಕಂಪನಿಗಳು ಮಾಡಿರಲಿಲ್ಲ.

ಆದರೆ ವಿಮಾನಗಳ ಪಟ್ಟಿಯೊಂದರಿಂದಲೇ ಈ ಪ್ರೀತಿ ಹುಟ್ಟಿದ್ದಲ್ಲ. ಆ ಕಾಲದ ವಿಮಾನಗಳಿಗೆ ಮೇಲೊಂದು ಕೆಳಗೊಂದು ರೆಕ್ಕೆ, ನಡುವೆ ಕಂಬಗಳು, ಕಂಬಗಳ ನಡುವೆ ಅಡ್ಡಡ್ಡ ಹಾಯುವ ಬಿಗಿತಂತಿಗಳು ಇರುತ್ತವೆ. ಮೇಲಿನ ರೆಕ್ಕೆಯನ್ನು ಎಲ್ಲ ಕಂಬಗಳ ಮೇಲೂ ಒಮ್ಮೆಗೇ ನೇರವಾಗಿ ಕೂರಿಸುವುದು, ಆಮೇಲೆ ಹತ್ತಾರು ತಂತಿಗಳನ್ನು ಒಂದೂ ಸಡಿಲವಾಗದಂತೆ ಎಳೆಯುವುದು, ಇವೆರಡಕ್ಕೆ ಹೆದರಿಯೇ ಒಳ್ಳೆಯ ಕೈಚಳಕ ಇದ್ದವರೂ ಈ ವಿಮಾನಗಳ ತಂಟೆಗೆ ಹೋಗುತ್ತಿರಲಿಲ್ಲ. ಹಳೆಯ ಕಿಟ್‌ಗಳಲ್ಲಿ ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಡಬ್ಬಿಯ ಮೇಲಿನ ಚಿತ್ರ ನೋಡಿ ಊಹಿಸಬೇಕಾಗುತ್ತಿತ್ತು. ವಿಂಗ್‌ನಟ್ ಕೊಟ್ಟ ಕೈಪಿಡಿಯಲ್ಲಿ ತಂತಿಗಳಿಗೆಂದೇ ಪ್ರತ್ಯೇಕ ಚಿತ್ರಗಳಿದ್ದವು. ಪೈಲಟ್ ಕೂರುವ ಜಾಗದ ಬಣ್ಣದ ಚಿತ್ರವಿತ್ತು. ಆ ವಿಮಾನದ್ದೇ ಯುದ್ಧಕಾಲದ ಛಾಯಾಚಿತ್ರಗಳಿದ್ದವು. ಡೆಕಾಲ್‌ಗಳನ್ನು, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳನ್ನು, ಇಟಲಿಯ ಕಾರ್ಟೋಗ್ರಾಫ್ ಸಂಸ್ಥೆಯಿಂದ ಮುದ್ರಿಸಿ ತರಿಸುತ್ತಿದ್ದರು. ಬಿಡಿಭಾಗಗಳು ಎಷ್ಟು ಕರಾರುವಾಕ್ಕಾಗಿ ಕೂರುತ್ತಿದ್ದವೆಂದರೆ, ಜೋಡಣೆಯ ಅಂಚಿಗೆ ಬಳಿದ ಬಣ್ಣದ ತೆಳು ಪದರವನ್ನೂ ಕೆರೆದು ತೆಗೆಯದೆ ಹೋದರೆ ಭಾಗಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ನಮ್ಮಲ್ಲಿ ಅನೇಕರು ಎರಡು ರೆಕ್ಕೆಯ ವಿಮಾನವನ್ನು ಮೊದಲ ಬಾರಿಗೆ ಕಟ್ಟಿ ಮುಗಿಸಿದ್ದೇ ಆ ಕೈಪಿಡಿಯ ಭರವಸೆಯಿಂದ. ಹಾಗೆ ಭಯ ಬಿಡಿಸಿದವರು ಹೊರಟುಹೋದಾಗ ಬೇಸರವಾಗುವುದು ಸಹಜ.

ಪ್ರಶ್ನೆ: ವಿಂಗ್‌ನಟ್ ಪ್ರಕಟಿಸಿದ್ದ ಲ್ಯಾಂಕಾಸ್ಟರ್ ಬಾಂಬರ್‌ಗಾಗಿ ನಾನು ಕಾದಿದ್ದೆ. ಕಂಪನಿ ಮುಚ್ಚಿದ ಮೇಲೆ ಅದರ ಅಚ್ಚುಗಳು ಏನಾಗುತ್ತವೆ? ಹಳೆಯ ಕಿಟ್‌ಗಳು ಮತ್ತೆ ಬರುವ ಆಸೆ ಇಟ್ಟುಕೊಳ್ಳಬಹುದೇ?

ಉತ್ತರ: ನಿಮ್ಮ ಲ್ಯಾಂಕಾಸ್ಟರ್ ಬಂದಿದೆ. ಅದೇ 1/32 ಅಳತೆಯಲ್ಲಿ ಅದನ್ನು ಚೀನಾದ ಬಾರ್ಡರ್ ಮಾಡೆಲ್ ಹೊರತಂದಿತು. ವಿಂಗ್‌ನಟ್ ಸಿದ್ಧಪಡಿಸುತ್ತಿದ್ದ ಮೂರು ರೆಕ್ಕೆಯ ಫಾಕರ್ ಯುದ್ಧವಿಮಾನ ಚೀನಾದ್ದೇ ಆದ ಮೆಂಗ್ ಕಂಪನಿಯ ಡಬ್ಬಿಯಲ್ಲಿ ಬಂದಿತು. ಕಂಪನಿಯ ಸಾವು ಬೇರೆ, ಅಚ್ಚಿನ ಸಾವು ಬೇರೆ ಎಂಬುದಕ್ಕೆ ಇವೆರಡೇ ಸಾಕ್ಷಿಯಾದಾವು. ಕಂಪನಿಯೊಂದು ಮುಚ್ಚಿದ ಸುದ್ದಿ ಬಂದಾಗ ಹವ್ಯಾಸಿ ಕೇಳಬೇಕಾದ ಮೊದಲ ಪ್ರಶ್ನೆ ನೀವು ಕೇಳಿದ ಇದೇ ಪ್ರಶ್ನೆ.

ಇದರ ಕಾರಣ ತಯಾರಿಕೆಯ ಕ್ರಮದಲ್ಲಿದೆ. ಪ್ಲಾಸ್ಟಿಕ್ ಕಿಟ್ ಎಂದರೆ ಕರಗಿಸಿದ ಪಾಲಿಸ್ಟೈರೀನನ್ನು ಲೋಹದ ಎರಡು ಹೋಳುಗಳ ಅಚ್ಚಿನೊಳಕ್ಕೆ ಭಾರಿ ಒತ್ತಡದಲ್ಲಿ ನುಗ್ಗಿಸಿ, ತಣಿದ ಮೇಲೆ ಹೊರತೆಗೆದ ಚೌಕಟ್ಟು. ಪ್ಲಾಸ್ಟಿಕ್ಕಿಗೆ ತಗಲುವ ಖರ್ಚು ಅಲ್ಪ. ಹಣವೆಲ್ಲ ಹೋಗುವುದು ಉಕ್ಕಿನ ಅಚ್ಚನ್ನು ಕೊರೆಸುವುದಕ್ಕೆ. ಆದುದರಿಂದ ದಿವಾಳಿಯಾದ ಕಿಟ್ ಕಂಪನಿಯ ಬಳಿ ಸಾಲ ಕೊಟ್ಟವರಿಗೆ ಕಾಣುವ ನಿಜವಾದ ಆಸ್ತಿ ಅಚ್ಚುಗಳೇ. ಅವನ್ನು ಗುಜರಿಗೆ ಹಾಕುವುದಕ್ಕಿಂತ ಇನ್ನೊಬ್ಬ ತಯಾರಕನಿಗೆ ಮಾರುವುದು ಎಲ್ಲರಿಗೂ ಲಾಭದಾಯಕ.

ಈ ಉದ್ಯಮದ ಚರಿತ್ರೆಯೇ ಅಚ್ಚುಗಳ ಪ್ರಯಾಣದ ಕಥೆ ಎಂದರೂ ತಪ್ಪಿಲ್ಲ. ಬ್ರಿಟನ್ನಿನ ಫ್ರಾಗ್ 1936ರಲ್ಲಿ ಪೆಂಗ್ವಿನ್ ಎಂಬ ಹೆಸರಿನಲ್ಲಿ 1/72 ಅಳತೆಯ ಪ್ಲಾಸ್ಟಿಕ್ ವಿಮಾನಗಳನ್ನು ಹೊರತಂದ ಕಂಪನಿ. ಪ್ಲಾಸ್ಟಿಕ್ ಕಿಟ್ ಎಂಬ ವಸ್ತುವಿಗೆ ಅದೇ ಮೊದಲು. ಆ ಹೆಸರು 1970ರ ದಶಕದಲ್ಲಿ ಕೊನೆಗೊಂಡಾಗ ಅಚ್ಚುಗಳ ಬಹುಭಾಗ ಸೋವಿಯತ್ ಒಕ್ಕೂಟಕ್ಕೆ ಹೋಗಿ ನೋವೋ ಎಂಬ ಹೆಸರಿನಲ್ಲಿ ಮರುಹುಟ್ಟು ಪಡೆದವು. ಜರ್ಮನಿ ಮತ್ತು ಜಪಾನಿನ ಯುದ್ಧವಿಮಾನಗಳು ಮಾತ್ರ ಸೋವಿಯತ್ತಿಗೆ ಬೇಕಾಗಲಿಲ್ಲ. ಅವು ರೆವೆಲ್ ಎಂಬ ಇನ್ನೊಂದು ಕಿಟ್ ಕಂಪನಿಯ ಪಾಲಾದವು. ಮುಂದೆ ಅವೇ ಫ್ರಾಗ್ ಅಚ್ಚುಗಳಿಂದ ಮೂಡಿದ ವಿಮಾನಗಳು ಮೂಲದ ಹೆಸರೇ ಇಲ್ಲದ ಎಷ್ಟೋ ಡಬ್ಬಿಗಳಲ್ಲಿ, ಎಷ್ಟೋ ಸಲ ಬರಿಯ ಚೀಲಗಳಲ್ಲಿ, ಮಾರಾಟವಾದವು. ಬಣ್ಣಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಕಿಟ್ ಕೊಡುತ್ತಿದ್ದ ಮ್ಯಾಚ್‌ಬಾಕ್ಸ್‌ನ ಒಡೆಯ ಲೆಸ್ನಿ ಕಂಪನಿ 1982ರಲ್ಲಿ ದಿವಾಳಿಯಾಯಿತು. ಆ ಅಚ್ಚುಗಳೂ ಕೊನೆಗೆ ರೆವೆಲ್‌ಗೆ ಸೇರಿದವು. ಅಮೆರಿಕದ ಮೊನೊಗ್ರಾಮ್ 1986ರಲ್ಲಿ ರೆವೆಲ್ ಜೊತೆ ಒಂದಾಯಿತು. ಅವೆರಡರ ಒಡೆತನ ಹೊಂದಿದ್ದ ಹಾಬಿಕೋ 2018ರಲ್ಲಿ ದಿವಾಳಿಯೆಂದು ಘೋಷಿಸಿಕೊಂಡಾಗ ರೆವೆಲ್ ಹೆಸರು ಜರ್ಮನಿಯ ಹೂಡಿಕೆದಾರರ ಕೈಗೆ ಹೋಯಿತು, ಹಳೆಯ ಅಚ್ಚುಗಳಲ್ಲಿ ಹಲವನ್ನು ಅಮೆರಿಕದ ಅಟ್ಲಾಂಟಿಸ್ ಕೊಂಡಿತು. ಅರ್ಧ ಶತಮಾನ ದಾಟಿದ ಆ ಕಿಟ್‌ಗಳು ಇಂದು ಹೊಸ ಡೆಕಾಲ್‌ಗಳೊಂದಿಗೆ ಮತ್ತೆ ಸಿಗುತ್ತಿವೆ.

ಬ್ರಿಟನ್ನಿನ ಕಿಟ್ ಕಂಪನಿ ಏರ್‌ಫಿಕ್ಸ್‌ನ ಕಥೆಯನ್ನು ಬಿಡುವಂತಿಲ್ಲ. ಅದು 1981ರಲ್ಲಿ ಕುಸಿಯಿತು, ಅಮೆರಿಕದ ಜನರಲ್ ಮಿಲ್ಸ್ ಅದನ್ನು ಕೊಂಡಿತು; 1986ರಲ್ಲಿ ಬಣ್ಣ ತಯಾರಿಸುವ ಹಂಬ್ರಾಲ್ ಕಂಪನಿಗೆ ಸೇರಿತು. ಕಿಟ್‌ಗಳನ್ನು ಫ್ರಾನ್ಸಿನ ಹೆಲ್ಲರ್ ಕಾರ್ಖಾನೆಯಲ್ಲಿ ಅಚ್ಚು ಹಾಕಿಸಲಾಗುತ್ತಿತ್ತು. 2006ರಲ್ಲಿ ಹೆಲ್ಲರ್ ಸಂಕಷ್ಟಕ್ಕೆ ಸಿಲುಕಿ ಸರಬರಾಜು ನಿಂತಾಗ ಅದೇ ಆಗಸ್ಟಿನಲ್ಲಿ ಹಂಬ್ರಾಲ್ ಕೂಡ ಕುಸಿಯಿತು. ಏರ್‌ಫಿಕ್ಸ್ ಮುಗಿಯಿತೆಂದೇ ಲೋಕವೆಲ್ಲ ತಿಳಿಯಿತು. ಆದರೆ ಅದೇ ನವೆಂಬರಿನಲ್ಲಿ ಆಟಿಕೆ ರೈಲುಗಳ ಹಾರ್ನ್‌ಬಿ ಕಂಪನಿ ಅದನ್ನು ಕೊಂಡುಕೊಂಡಿತು, ಮುಂದೆ ಹಳೆಯ ಅಚ್ಚುಗಳ ಜೊತೆಗೆ ಹೊಚ್ಚಹೊಸ ಅಚ್ಚುಗಳನ್ನೂ ಕೊರೆಸಿತು.

ಇಷ್ಟಾದರೂ ಅಚ್ಚು ಬಂದರೆ ಎಲ್ಲವೂ ಬಂದಂತೆ ಎಂದು ತಿಳಿಯಬಾರದು. ಸವೆದ ಅಚ್ಚಿನ ಹೋಳುಗಳ ಸಂದಿಯಿಂದ ಪ್ಲಾಸ್ಟಿಕ್ ಹೊರಚಾಚಿ ಪ್ರತಿಯೊಂದು ಭಾಗದ ಅಂಚಿನಲ್ಲೂ ತೆಳುವಾದ ಪೊರೆಯಾಗಿ ನಿಲ್ಲುತ್ತದೆ. ಅದನ್ನು ಕತ್ತರಿಸಿ ಉಜ್ಜುವುದರಲ್ಲೇ ಸಂಜೆಗಳು ಕಳೆಯುತ್ತವೆ. ಹೊಸ ಒಡೆಯರು ಕೈಪಿಡಿಯನ್ನು ತೆಳ್ಳಗಾಗಿಸಬಹುದು, ಡೆಕಾಲ್‌ಗಳನ್ನು ಅಗ್ಗದಲ್ಲಿ ಮುದ್ರಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ, ವಸ್ತುಸಂಗ್ರಹಾಲಯಗಳಲ್ಲಿ ನಿಂತು ನಿಜವಾದ ವಿಮಾನವನ್ನು ಅಳೆದು, ಹಳೆಯ ಛಾಯಾಚಿತ್ರಗಳನ್ನು ಹೋಲಿಸಿ ನೋಡಿ, ಈ ವಿಮಾನದ ಈ ಮುಚ್ಚಳ ಹೀಗಿತ್ತು ಎಂದು ತೀರ್ಮಾನಿಸುತ್ತಿದ್ದ ಜನರು ಅಚ್ಚಿನ ಜೊತೆ ಮಾರಾಟವಾಗುವುದಿಲ್ಲ. ವಿಂಗ್‌ನಟ್ ವಿಷಯದಲ್ಲಿ ನಮ್ಮ ಭಾಗ್ಯವೆಂದರೆ ಆ ತಂಡದ ಕೆಲವರು ನ್ಯೂಜಿಲೆಂಡಿನಲ್ಲೇ ಕೋಟಾರೆ ಎಂಬ ಹೊಸ ಕಂಪನಿ ಕಟ್ಟಿ 1/32 ಅಳತೆಯ ಸ್ಪಿಟ್‌ಫೈರ್‌ನಿಂದ ಕೆಲಸ ಆರಂಭಿಸಿದರು. ಅದರ ಕೈಪಿಡಿಯ ಪುಟ ತಿರುವಿದವರಿಗೆ ಅದೇ ಹಳೆಯ ಶ್ರದ್ಧೆ ಕಾಣುತ್ತದೆ. ನನ್ನ ಮಟ್ಟಿಗೆ, ಚೀನಾಕ್ಕೆ ಹೋದ ಅಚ್ಚುಗಳ ಸುದ್ದಿಗಿಂತ ಈ ಸುದ್ದಿ ಹೆಚ್ಚು ಸಂತೋಷ ಕೊಟ್ಟಿತು.

ಪ್ರಶ್ನೆ: ಕಂಪನಿ ಮುಚ್ಚಿದ ಕೂಡಲೇ ಉಳಿದ ಡಬ್ಬಿಗಳ ಬೆಲೆ ಏರುತ್ತದೆ. ಈಗಲೇ ನಾಲ್ಕಾರು ಕೊಂಡಿಟ್ಟರೆ ಜಾಣತನವಲ್ಲವೇ?

ಉತ್ತರ: ಕಟ್ಟುವುದಕ್ಕಾಗಿ ಒಂದನ್ನು ಕೊಳ್ಳಿರಿ. ಮರುಮಾರಾಟದ ಲಾಭಕ್ಕಾಗಿ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ, ಅದಕ್ಕೆ ಎರಡು ಕಾರಣಗಳಿವೆ. ಮುಚ್ಚಿದ ಸುದ್ದಿಯ ಬಿಸಿಯಲ್ಲಿ ಏರಿದ ಬೆಲೆ ಅಚ್ಚು ಬೇರೆಯವರ ಕೈಸೇರಿ ಹೊಸ ಡಬ್ಬಿ ಬಂದೊಡನೆ ಇಳಿಯುತ್ತದೆ. 2006ರ ಶರತ್ಕಾಲದಲ್ಲಿ ಏರ್‌ಫಿಕ್ಸ್ ಇನ್ನೆಂದೂ ಸಿಗದೆಂದು ಬಾಚಿಕೊಂಡವರಿಗೆ ಹಾರ್ನ್‌ಬಿಯ ಪ್ರಕಟಣೆಗಾಗಿ ಕಾಯಬೇಕಾಗಿದ್ದುದು ಕೆಲವೇ ತಿಂಗಳು. ಎರಡನೆಯದಾಗಿ, ಒಬ್ಬರು ಬಾಚಿಟ್ಟುಕೊಂಡ ಐದು ಡಬ್ಬಿಗಳೆಂದರೆ ಕಟ್ಟಬಲ್ಲ ಇನ್ನು ನಾಲ್ವರ ಕೈಗೆ ಸಿಗದ ಡಬ್ಬಿಗಳು. ಮುಚ್ಚಿದ ಕಂಪನಿಯ ಕಿಟ್‌ಗಳ ಸಂಖ್ಯೆ ಕರಗುತ್ತಲೇ ಇರುತ್ತದೆ, ಆದ್ದರಿಂದ ಈ ಮಾತಿಗೆ ತೂಕವಿದೆ.

ಪ್ರಶ್ನೆ: ಬಹುಕಾಲದ ಹಿಂದೆ ಮುಚ್ಚಿದ ಕಂಪನಿಯೊಂದರ ಕಿಟ್ ಕೈಬದಲಾಗಿ ನನಗೆ ಸಿಕ್ಕಿದೆ. ಡೆಕಾಲ್‌ಗಳು ಹಳದಿಯಾಗಿವೆ, ಒಂದು ಚಕ್ರವಿಲ್ಲ, ರೆಕ್ಕೆ ಸ್ವಲ್ಪ ತಿರುಚಿಕೊಂಡಿದೆ. ಬಿಡಿಭಾಗಕ್ಕಾಗಿ ಬರೆಯೋಣವೆಂದರೆ ಕಂಪನಿಯೇ ಇಲ್ಲ. ಇದನ್ನು ಕಟ್ಟಲಾದೀತೇ?

ಉತ್ತರ: ಖಂಡಿತ ಆದೀತು. ಹಳದಿಯಾದ ಡೆಕಾಲ್ ಹಾಳೆಯನ್ನು ಪಾರದರ್ಶಕ ಚೀಲದಲ್ಲಿಟ್ಟು, ಮುದ್ರಿತ ಭಾಗ ಹೊರಮುಖವಾಗುವಂತೆ ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಅಂಟಿಸಿಡಿ. ಬಿಸಿಲು ದಿನದಿನಕ್ಕೆ ಹಳದಿಯನ್ನು ತೆಗೆಯುತ್ತದೆ. ಬಣ್ಣಗಳೂ ಮಾಸದಂತೆ ಆಗಾಗ ನೋಡುತ್ತಿರಬೇಕು. ಹಳೆಯ ಡೆಕಾಲ್ ನೀರಿಗೆ ಬಿದ್ದೊಡನೆ ಚೂರುಚೂರಾಗುವ ಭಯವೂ ಇದೆ. ಅದಕ್ಕಾಗಿ ಬೇಡವಾದ ಒಂದು ಸಣ್ಣ ಗುರುತನ್ನು ಮೊದಲು ನೆನೆಸಿ ಪರೀಕ್ಷಿಸಿ. ಅದು ಒಡೆದರೆ ಉಳಿದ ಹಾಳೆಗೆ ಪಾರದರ್ಶಕ ವಾರ್ನಿಷ್ ತೆಳುವಾಗಿ ಹಚ್ಚಿ, ಚೆನ್ನಾಗಿ ಒಣಗಿದ ಮೇಲೆ ಒಂದೊಂದು ಗುರುತನ್ನೂ ಅದರ ಅಂಚಿಗೆ ಸರಿಯಾಗಿ ಕತ್ತರಿಸಿಕೊಳ್ಳಿ, ಏಕೆಂದರೆ ವಾರ್ನಿಷ್ ಹಚ್ಚಿದ ಮೇಲೆ ಇಡೀ ಹಾಳೆ ಒಂದೇ ಪೊರೆಯಾಗಿರುತ್ತದೆ.

ತಿರುಚಿದ ರೆಕ್ಕೆಯನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದಾಗ ಕೈಯಲ್ಲಿ ನಿಧಾನವಾಗಿ ನೇರ ಮಾಡಿ, ಹಾಗೆಯೇ ಹಿಡಿದು ತಣ್ಣೀರಿಗೆ ಹಾಕಬೇಕು. ಕುದಿಯುವ ನೀರು ಬೇಡ. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ತನ್ನ ಆಕಾರವನ್ನೇ ಬಿಟ್ಟುಕೊಡುತ್ತದೆ. ಇಲ್ಲದ ಚಕ್ರಕ್ಕೆ ಇರುವ ಚಕ್ರವೇ ದಾರಿ. ಅದನ್ನು ಸಿಲಿಕೋನ್ ರಬ್ಬರಿನಲ್ಲಿ ಒತ್ತಿ ಅಚ್ಚು ಮಾಡಿಕೊಂಡು ರೆಸಿನ್ ಎಂಬ ಗಟ್ಟಿಯಾಗುವ ದ್ರವವನ್ನು ಸುರಿದರೆ ಜೋಡಿ ಸಿದ್ಧವಾಗುತ್ತದೆ. ನಿಮ್ಮ ಸ್ವಂತ ಕಿಟ್ಟಿಗಾಗಿ ಹೀಗೆ ಮಾಡಿಕೊಳ್ಳುವುದರಲ್ಲಿ ಆಕ್ಷೇಪವಿಲ್ಲ. ಇನ್ನೊಬ್ಬರ ಕೆಲಸವನ್ನು ಹಾಗೆ ನಕಲು ಮಾಡಿ ಮಾರುವುದು ಕಳ್ಳತನ, ಕಂಪನಿ ಮುಚ್ಚಿದ್ದರೂ ಸಹ.

ಇನ್ನೊಂದು ಎಚ್ಚರಿಕೆ ಇದೆ. ಕೆಲವು ಹಳೆಯ ಕಿಟ್‌ಗಳಲ್ಲಿ ಟೈರುಗಳು ಮೆತ್ತನೆಯ ವಿನೈಲ್‌ನವು. ಅವು ಪಾಲಿಸ್ಟೈರೀನಿಗೆ ತಾಗಿಕೊಂಡು ವರ್ಷಗಟ್ಟಲೆ ಇದ್ದರೆ ತಾಗಿದ ಕಡೆ ಪ್ಲಾಸ್ಟಿಕ್ ಕರಗಿ ಗುಳಿ ಬೀಳುತ್ತದೆ. ನಿಮ್ಮ ಡಬ್ಬಿಯಲ್ಲಿ ಅಂಥವಿದ್ದರೆ ಇಂದೇ ಬೇರೆ ಚೀಲಕ್ಕೆ ಹಾಕಿ. ಪೈಲಟ್ಟಿನ ತಲೆಯ ಮೇಲಿನ ಗಾಜಿನಂತಹ ಭಾಗವನ್ನೂ ಗೀರು ಬೀಳದಂತೆ ಬೇರೆಯಾಗಿಯೇ ಇಡಬೇಕು. ಅದು ಕೆಟ್ಟರೆ ಬದಲಿ ದೊರಕಿಸುವುದು ಚಕ್ರದಷ್ಟು ಸುಲಭವಲ್ಲ.

ಪ್ರಶ್ನೆ: ನಾನು ಕಟ್ಟುವುದು ಹಾರುವ ವಿಮಾನಗಳನ್ನು, ಅಂದರೆ ಬಾಲ್ಸಾ ಮರದವನ್ನು. ನಮ್ಮ ಕಡೆಯೂ ಹಳೆಯ ಕಿಟ್ ಕಂಪನಿಗಳು ಒಂದೊಂದಾಗಿ ಮರೆಯಾಗುತ್ತಿವೆ. ನಮ್ಮ ಸ್ಥಿತಿ ಪ್ಲಾಸ್ಟಿಕ್ ಹವ್ಯಾಸಿಗಳಿಗಿಂತ ಕಷ್ಟವೇ?

ಉತ್ತರ: ಒಂದು ಅರ್ಥದಲ್ಲಿ ನೀವು ಅವರಿಗಿಂತ ಸ್ವತಂತ್ರರು. ಪ್ಲಾಸ್ಟಿಕ್ ಕಿಟ್ಟಿನ ಜೀವ ಉಕ್ಕಿನ ಅಚ್ಚಿನಲ್ಲಿದ್ದರೆ ಬಾಲ್ಸಾ ಕಿಟ್ಟಿನ ಜೀವ ಕಾಗದದ ನಕ್ಷೆಯಲ್ಲಿದೆ. ನಕ್ಷೆಯೊಂದು ಉಳಿದಿದ್ದರೆ ಸಾಕು, ರೆಕ್ಕೆಯ ಅಡ್ಡಪಟ್ಟಿಗಳನ್ನೂ ಒಡಲಿನ ಚೌಕಟ್ಟುಗಳನ್ನೂ ನೀವೇ ಕೊಯ್ದುಕೊಂಡು ವಿಮಾನ ಕಟ್ಟಬಹುದು. ಈ ಕೊಯ್ತವನ್ನಷ್ಟೇ ಮಾಡಿ ಕೊಡುವ ಸಣ್ಣ ತಯಾರಕರಿದ್ದಾರೆ. ಅವರು ಕೊಡುವುದಕ್ಕೆ ಶಾರ್ಟ್ ಕಿಟ್ ಎನ್ನುತ್ತಾರೆ, ಉದ್ದನೆಯ ಮರದ ಕಡ್ಡಿಗಳನ್ನು ಮಾತ್ರ ನೀವು ಕೊಳ್ಳಬೇಕು. ಹಳೆಯ ಕಿಟ್‌ಗಳಲ್ಲಿ ಮೊಂಡಾದ ಲೋಹದ ಅಂಚುಗಳಿಂದ ಒತ್ತಿ ಕೊಯ್ದ ಭಾಗಗಳು ಜಜ್ಜಿಹೋಗಿರುತ್ತಿದ್ದವು. ಇಂದಿನ ಲೇಸರ್ ಕೊಯ್ತ ಅದಕ್ಕಿಂತ ಎಷ್ಟೋ ಶುದ್ಧ. ಅಮೆರಿಕದ ಗಿಲೋಸ್ ಕಂಪನಿ 1926ರಲ್ಲಿ ಆರಂಭವಾದದ್ದು. ಅದರ ಬಾಲ್ಸಾ ವಿಮಾನಗಳನ್ನು ಕಟ್ಟಿ ಕೈಪಳಗಿದವರು ತಲೆಮಾರುಗಳಷ್ಟಿದ್ದಾರೆ.

ಹಾಗೆಂದು ನಕ್ಷೆಯ ಬಗ್ಗೆ ಉದಾಸೀನ ಸಲ್ಲದು. ಹಳೆಯ ನಕ್ಷೆಗಳು ಮಡಿಕೆಗಳಲ್ಲಿ ಹರಿಯುತ್ತವೆ. ಕಟ್ಟುವ ಮೊದಲೇ ಸ್ಕ್ಯಾನ್ ಮಾಡಿಸಿ, ಮುದ್ರಿಸಿದ ಪ್ರತಿಯನ್ನು ಮೂಲದ ಪಕ್ಕದಲ್ಲಿಟ್ಟು ಉದ್ದಕ್ಕೂ ಅಗಲಕ್ಕೂ ಅಳತೆಪಟ್ಟಿಯಿಂದ ಪರೀಕ್ಷಿಸಿ. ಯಂತ್ರವು ಒಂದು ದಿಕ್ಕಿನಲ್ಲಿ ಮಾತ್ರ ಕೊಂಚ ಹಿಗ್ಗಿಸಿದರೂ ಎಡರೆಕ್ಕೆಯ ನಕ್ಷೆಗೂ ಅಡ್ಡಪಟ್ಟಿಗಳಿಗೂ ಹೊಂದಾಣಿಕೆ ತಪ್ಪುತ್ತದೆ. ಹಳೆಯ ಡಬ್ಬಿಯ ಬಾಲ್ಸಾ ಒಣಜಾಗದಲ್ಲಿದ್ದರೆ ಕೆಡುವುದು ಕಡಿಮೆ. ಪ್ರೊಪೆಲ್ಲರ್ ತಿರುಗಿಸುವ ರಬ್ಬರನ್ನೂ ರೆಕ್ಕೆಗೆ ಹೊದಿಸುವ ಟಿಶ್ಯೂ ಕಾಗದವನ್ನೂ ಮಾತ್ರ ಹೊಸದಾಗಿಯೇ ಕೊಳ್ಳಬೇಕು, ಇವೆರಡೂ ವಯಸ್ಸಾದಂತೆ ಸತ್ವ ಕಳೆದುಕೊಳ್ಳುತ್ತವೆ.

ಪ್ರಶ್ನೆ: ತೀರಿಕೊಂಡ ನಮ್ಮ ಅಣ್ಣನವರ ಕೋಣೆಯ ತುಂಬ ವಿಮಾನದ ಕಿಟ್‌ಗಳಿವೆ. ಹೆಚ್ಚಿನವು ಈಗ ಇಲ್ಲದ ಕಂಪನಿಗಳವಂತೆ. ನಮಗೆ ಈ ವಿಷಯ ತಿಳಿಯದು. ಏನು ಮಾಡಬೇಕು?

ಉತ್ತರ: ತಾಯಿ, ಅವಸರದಲ್ಲಿ ಒಟ್ಟಿಗೆ ತೂಕಕ್ಕೆ ಕೊಡಬೇಡಿ, ಹಾಗೆಯೇ ಒಂದೊಂದೂ ನಿಧಿಯೆಂದೂ ತಿಳಿಯಬೇಡಿ. ಡಬ್ಬಿಯ ಮೇಲಿನ ಕಂಪನಿಯ ಹೆಸರು, ವಿಮಾನದ ಹೆಸರು, 1/72 ಅಥವಾ 1/48 ಎಂದು ಮುದ್ರಿಸಿರುವ ಅಳತೆ, ಇಷ್ಟನ್ನು ಬರೆದು ಪಟ್ಟಿ ಮಾಡಿ. ಒಳಚೀಲಗಳ ಮೊಹರು ಒಡೆದಿದೆಯೇ ಎಂಬುದನ್ನೂ ಗುರುತಿಸಿ, ಆದರೆ ನೀವಾಗಿ ಒಡೆಯಬೇಡಿ. ಅರ್ಧ ಕಟ್ಟಿದ ವಿಮಾನಗಳನ್ನು ಅವುಗಳ ಡಬ್ಬಿಯಿಂದ ಬೇರ್ಪಡಿಸಬೇಡಿ, ಏಕೆಂದರೆ ಉಳಿದ ಭಾಗಗಳು ಬೇರೆಲ್ಲೂ ಸಿಗುವುದಿಲ್ಲ. ಆ ಪಟ್ಟಿಯನ್ನು ಅಣ್ಣನವರ ಜೊತೆ ಕಟ್ಟುತ್ತಿದ್ದ ಗೆಳೆಯರಿಗೆ ತೋರಿಸಿ. ಕಟ್ಟುವವರ ಕೈಗೆ ಹೋಗುವ ಡಬ್ಬಿಗಳಿಗೆ ಸ್ವಲ್ಪ ಕಡಿಮೆ ಹಣ ಬಂದರೂ ಕೊಡಬಹುದೆಂದು ನನ್ನ ಅಭಿಪ್ರಾಯ, ತೀರ್ಮಾನ ನಿಮ್ಮದು. ಅವರು ಬಳಸುತ್ತಿದ್ದ ಪುಸ್ತಕಗಳನ್ನೂ ಕೈಪಿಡಿಗಳನ್ನೂ ರದ್ದಿಗೆ ಹಾಕದಿರಿ.

ಪ್ರಶ್ನೆ: ಇನ್ನೂ ನಡೆಯುತ್ತಿರುವ ಕಂಪನಿಗಳ ವಿಷಯದಲ್ಲಿ ನಾವು ಮುಂಚಿತವಾಗಿ ಮಾಡಿಟ್ಟುಕೊಳ್ಳಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಇದೆ. ವಿಂಗ್‌ನಟ್ ತನ್ನ ಕೈಪಿಡಿಗಳನ್ನು ತನ್ನ ಜಾಲತಾಣದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತ್ತು. ಕಂಪನಿಯ ಜೊತೆ ತಾಣವೂ ಹೋಯಿತು. ಮೊದಲೇ ಇಳಿಸಿಕೊಂಡಿದ್ದವರ ಬಳಿ ಅವು ಉಳಿದವು. ಆದ್ದರಿಂದ ನಿಮ್ಮಲ್ಲಿರುವ ಪ್ರತಿಯೊಂದು ಕಿಟ್ಟಿನ ಕೈಪಿಡಿಯನ್ನೂ ಈಗಲೇ ಇಳಿಸಿಕೊಳ್ಳಿ, ಸಿಗದಿದ್ದರೆ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಡಬ್ಬಿ ಕೊಂಡ ದಿನವೇ ಚೌಕಟ್ಟುಗಳನ್ನು ಕೈಪಿಡಿಯ ಪಟ್ಟಿಯೊಂದಿಗೆ ಹೋಲಿಸಿ ನೋಡಿ, ಭಾಗವೇನಾದರೂ ಕಡಿಮೆಯಿದ್ದರೆ ಕಂಪನಿ ಉತ್ತರಿಸುವ ಸ್ಥಿತಿಯಲ್ಲಿರುವಾಗಲೇ ಬರೆದು ತರಿಸಿಕೊಳ್ಳಿ. ಪ್ರಕಟಿಸಿದ ಕಿಟ್‌ಗಳು ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತಿದ್ದರೆ, ಹೊಸ ಅಚ್ಚು ಒಂದೂ ಬಾರದೆ ಹಳೆಯ ವಿಮಾನಗಳೇ ಹೊಸ ಡಬ್ಬಿಯಲ್ಲಿ ಬರುತ್ತಿದ್ದರೆ, ಅಂತಹ ಕಂಪನಿಗೆ ಮುಂಗಡ ಹಣ ಕಳುಹಿಸುವುದನ್ನು ಸದ್ಯಕ್ಕೆ ನಿಲ್ಲಿಸಿ. ಈಗಾಗಲೇ ಹೊರಬಂದಿರುವ ಅದರ ಕಿಟ್‌ಗಳಲ್ಲಿ ನಿಮಗೆ ಕಟ್ಟಬೇಕೆನಿಸಿದ್ದನ್ನು ಮಾತ್ರ ಕೊಳ್ಳಿ.